ಹಗೆಯ ಕಾವ್ಯ, ಕ್ಷಮೆಯ ಕಾವ್ಯ: ಗೋವಿಂದ ಪೈಗಳ ‘ಗೊಲ್ಗೊಥಾ’ವನ್ನು ಕುರಿತು

ಮುಂಬಯಿಯ ಕನ್ನಡಿಗರಿಗೆ ಮಂಜೇಶ್ವರದ ಗೋವಿಂದ ಪೈಗಳು ಹೊರಗಿನವರಲ್ಲ. 1951ರಲ್ಲಿ ಈ ಮಹಾನಗರದಲ್ಲಿ ಸೇರಿದ್ದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿದ್ದರು. ತುಳುನಾಡಿನಿಂದ ಬಂದು ಇಲ್ಲಿ ನೆಲೆ ಕಂಡ ನಮ್ಮ ಅನೇಕ ಕುಟುಂಬಗಳಿಗೆ ಅವರು ಊರಿನ ಹಿರಿಯರೂ ಹೌದು. ಆದರೂ ಅವರ ಹೆಸರು ತಿಳಿದಷ್ಟು ಅವರ ಕಾವ್ಯ ನಮ್ಮಲ್ಲಿ ತಿಳಿದಿಲ್ಲ. ಪಠ್ಯಪುಸ್ತಕದ ನಾಲ್ಕಾರು ಪದ್ಯ, ‘ರಾಷ್ಟ್ರಕವಿ’ ಎಂಬ ಬಿರುದು, ಪ್ರಾಸವನ್ನು ತೊರೆದ ಮೊದಲಿಗರೆಂಬ ಒಂದು ಮಾತು, ಇಷ್ಟಕ್ಕೆ ಪರಿಚಯ ಮುಗಿಯುತ್ತದೆ. ಅವರು ಯೇಸುಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನೂ, ಬುದ್ಧನ ಕೊನೆಯ ದಿನವನ್ನು ಕುರಿತು ‘ವೈಶಾಖಿ’ ಎಂಬ ಇನ್ನೊಂದನ್ನೂ ಬರೆದರೆಂಬುದು ಎಷ್ಟು ಮನೆಗಳಲ್ಲಿ ಗೊತ್ತು?

‘ಗೊಲ್ಗೊಥಾ’ವನ್ನು ಕೇವಲ ಒಂದು ಛಂದಸ್ಸಿನ ಪ್ರಯೋಗವೆಂದೋ, ಪರಮತದ ಮಹಾಪುರುಷನಿಗೆ ಸಲ್ಲಿಸಿದ ಗೌರವವೆಂದೋ ಹೊಗಳಿ ಬದಿಗಿಡುವುದು ನಮ್ಮಲ್ಲಿ ರೂಢಿ. ನಮ್ಮ ಅಭಿಪ್ರಾಯ ಬೇರೆ. ಕನ್ನಡದಲ್ಲಿ ಸೇಡಿಗೆ ಮೊದಲಿನಿಂದಲೂ ದೊಡ್ಡ ಕಾವ್ಯದ ಗಾಂಭೀರ್ಯ ದೊರಕಿತ್ತು. ಕ್ಷಮೆಗೆ ದೊರೆತದ್ದು ಹೆಚ್ಚಾಗಿ ಜೋಗುಳದ, ನೀತಿಕಥೆಯ ಮೆಲುದನಿ. ಆ ವೀರಕಾವ್ಯದ ಗಾಂಭೀರ್ಯವನ್ನೇ ತೆಗೆದು ಕ್ಷಮೆಯ ಮುಂದಿಟ್ಟದ್ದು ಗೋವಿಂದ ಪೈಗಳ ನಿಜವಾದ ಸಾಧನೆ. ಇದನ್ನು ತೋರಿಸಲು ಅವರ ಕಾವ್ಯವನ್ನು ನಮ್ಮ ಹಳೆಯ ಕೃತಿಗಳ ಪಕ್ಕದಲ್ಲಿಟ್ಟು ನೋಡಬೇಕು. ಅದಕ್ಕೂ ಮೊದಲು, ಯಾವ ಬೋಧೆಯನ್ನು ನಾವು ಕ್ಷಮೆಯೆಂದು ಕರೆಯುತ್ತಿದ್ದೇವೋ ಅದೇನೆಂದು ತಿಳಿದುಕೊಳ್ಳುವುದು ಒಳ್ಳೆಯದು.

ಇನ್ನೊಂದು ಕೆನ್ನೆ ತೋರಿಸುವ ಮಾತು ನಮ್ಮಲ್ಲಿ ನಗೆಚಾಟಿಕೆಯ ವಸ್ತುವಾಗಿಬಿಟ್ಟಿದೆ. ಅಂಜುಬುರುಕನನ್ನು ಗೇಲಿ ಮಾಡುವಾಗ ಅದು ಬಾಯಿಗೆ ಬರುತ್ತದೆ. ಆದರೆ ಸುವಾರ್ತೆಗಳನ್ನು ತಾಳ್ಮೆಯಿಂದ ಓದಿದವರಿಗೆ ಅಲ್ಲಿ ಅಂಜಿಕೆ ಕಾಣುವುದಿಲ್ಲ, ಒಂದು ಕಠಿಣವಾದ ಲೆಕ್ಕ ಕಾಣುತ್ತದೆ. ಕಣ್ಣಿಗೆ ಕಣ್ಣು ಎಂಬ ಹಳೆಯ ಕಟ್ಟಳೆಯೂ ಅದರ ಕಾಲಕ್ಕೆ ಒಂದು ಸಂಯಮವೇ ಆಗಿತ್ತು. ಒಂದು ಕಣ್ಣಿಗೆ ಇಡೀ ಮನೆತನವನ್ನೇ ಕೊಲ್ಲಬಾರದೆಂಬುದು ಅದರ ಅರ್ಥ. ಯೇಸು ಆ ಗಡಿಯನ್ನೂ ದಾಟಿ ಹೋದ. ತಪ್ಪು ಮಾಡಿದ ಸೋದರನನ್ನು ಏಳು ಸಲ ಕ್ಷಮಿಸಿದರೆ ಸಾಕೇ ಎಂದು ಪೇತ್ರ ಕೇಳಿದಾಗ, ಏಳಲ್ಲ, ಏಳೆಪ್ಪತ್ತು ಸಲ ಎಂಬರ್ಥದ ಉತ್ತರ ಬಂತು. ಎಣಿಸುವುದನ್ನೇ ಬಿಡು ಎಂಬುದು ಅದರ ತಾತ್ಪರ್ಯ.

ಆ ಉತ್ತರದ ಜೊತೆಗೆ ಮತ್ತಾಯನ ಸುವಾರ್ತೆಯಲ್ಲಿ ಒಂದು ಸಾಮ್ಯ ಬರುತ್ತದೆ. ಅರಸನಿಗೆ ಹತ್ತು ಸಾವಿರ ತಲಾಂತು ಸಾಲ ಕೊಡಬೇಕಾಗಿದ್ದ ಸೇವಕನೊಬ್ಬ ಕಾಲಿಗೆ ಬಿದ್ದು ಬೇಡಿಕೊಂಡ. ಅರಸ ಸಾಲವನ್ನೆಲ್ಲ ಮನ್ನಾ ಮಾಡಿದ. ಅದೇ ಸೇವಕ ಹೊರಗೆ ಬಂದು, ತನಗೆ ನೂರು ದಿನಾರಿ ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆ ಹಿಡಿದು ಅವನನ್ನು ಸೆರೆಗೆ ಹಾಕಿಸಿದ. ಸುದ್ದಿ ತಿಳಿದ ಅರಸ ತನ್ನ ಮನ್ನಾವನ್ನು ಹಿಂತೆಗೆದುಕೊಂಡ. ಒಂದು ದಿನಾರಿಯೆಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ಒಂದು ತಲಾಂತೆಂದರೆ ಸುಮಾರು 6,000 ದಿನಾರಿ. ಹಾಗಾದರೆ ಒಬ್ಬನ ಸಾಲ 6 ಕೋಟಿ ದಿನಗಳ ದುಡಿಮೆ, ಇನ್ನೊಬ್ಬನದು 100 ದಿನಗಳದು. ನೂರು ದಿನದ ಸಂಬಳ ಸಣ್ಣ ಮೊತ್ತವಲ್ಲವೆಂಬುದನ್ನು ಹೋಟೆಲಿನಲ್ಲಿ ದುಡಿದು ಊರಿಗೆ ಮನಿಯಾರ್ಡರು ಮಾಡಿದ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಥೆಯ ಜಾಣತನ ಇಲ್ಲೇ ಇದೆ. ನಿನಗಾದ ನಷ್ಟ ಸುಳ್ಳೆಂದು ಅದು ಹೇಳುವುದಿಲ್ಲ. ನಿನ್ನ ಖಾತೆಯ ಇನ್ನೊಂದು ಪುಟವನ್ನೂ ತೆರೆದು ನೋಡು ಎನ್ನುತ್ತದೆ, ಅಷ್ಟೇ.

ಈಗ ನಮ್ಮ ಕಾವ್ಯಗಳತ್ತ ತಿರುಗೋಣ. ಹತ್ತನೆಯ ಶತಮಾನದ ಕೊನೆಯ ಭಾಗದ ರನ್ನನ ‘ಗದಾಯುದ್ಧ’ ಕನ್ನಡದ ಸೇಡಿನ ಮಹಾಕಾವ್ಯ. ಭಾರತಯುದ್ಧದ ಕೊನೆಯ ದಿನವನ್ನು ಹಿಡಿದುಕೊಂಡು, ಸಿಂಹಾವಲೋಕನ ಕ್ರಮದಿಂದ ಹಿಂದಿನ ಕಥೆಯನ್ನೆಲ್ಲ ಅದರೊಳಗೆ ತುಂಬಿದ ಕೌಶಲ ಅವನದು. ಬಿಚ್ಚಿದ ಮುಡಿಯ ದ್ರೌಪದಿ, ತೊಡೆ ಮುರಿಯುವ ಪ್ರತಿಜ್ಞೆಯ ಭೀಮ, ಇಬ್ಬರೂ ಆ ಕಾವ್ಯದ ಬೆಂಕಿ. ಭೀಮನ ಗರ್ಜನೆ ಕಿವಿಗೆ ಬಿದ್ದಾಗ ಎಂಥ ಸಾಧು ಓದುಗನ ಮೈಯೂ ಬಿಸಿಯಾಗುತ್ತದೆ. ಆದರೆ ಕಾವ್ಯ ಮುಗಿದ ಮೇಲೆ ನಮ್ಮ ಮನಸ್ಸಿನಲ್ಲಿ ಉಳಿಯುವವನು ಗೆದ್ದ ಭೀಮನಲ್ಲ, ಒಬ್ಬಂಟಿಯಾಗಿ ಹೆಣಗಳ ನಡುವೆ ನಡೆದು ಹೋಗುವ ದುರ್ಯೋಧನ. ದ್ರೋಣನ ಮುಂದೆ, ಕರ್ಣನ ಮುಂದೆ, ತಮ್ಮ ದುಶ್ಶಾಸನನ ಮುಂದೆ, ಮಗ ಲಕ್ಷಣಕುಮಾರನ ಮುಂದೆ ಅವನು ಅಳುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿನ ಶವದ ಮುಂದೆಯೂ ನಿಂತು ಅವನ ಶೌರ್ಯಕ್ಕೆ ತಲೆಬಾಗುತ್ತಾನೆ. ಸೇಡನ್ನು ಹಾಡಲು ಹೊರಟ ಕವಿ ಹಗೆಗಾಗಿ ನಮ್ಮಿಂದ ಕಣ್ಣೀರು ಹಾಕಿಸಿದ. ಬಿ. ಎಂ. ಶ್ರೀಯವರು ಅವನಲ್ಲಿ ದುರಂತ ನಾಯಕನನ್ನು ಕಂಡದ್ದು ಇದರಿಂದಲೇ. ಆದರೂ ರನ್ನನ ಪ್ರಪಂಚದಲ್ಲಿ ಕರುಣೆ ಬರುವುದು ಗದೆ ಬೀಸಿದ ಮೇಲೆ. ಬೀಸುವ ಕೈಯನ್ನು ಅದು ತಡೆಯುವುದಿಲ್ಲ.

ಕೈಯನ್ನು ತಡೆದವನ ಕಥೆ ಜನ್ನನ ‘ಯಶೋಧರ ಚರಿತೆ’ಯಲ್ಲಿದೆ. 1209ರಲ್ಲಿ ಪೂರ್ತಿಯಾದ ಈ ಚಿಕ್ಕ ಕಾವ್ಯದಲ್ಲಿ, ರಾಣಿ ಅಮೃತಮತಿ ವಿಕಾರರೂಪಿಯಾದ ಮಾವಟಿಗನ ಬಳಿಗೆ ಹೋದುದನ್ನು ಯಶೋಧರ ಕಣ್ಣಾರೆ ಕಂಡು ಕತ್ತಿ ಎತ್ತುತ್ತಾನೆ. ಎತ್ತಿದ ಕತ್ತಿಯನ್ನು ವಿವೇಕದಿಂದ ಕೆಳಗಿಳಿಸುತ್ತಾನೆ. ಇಲ್ಲಿಗೇ ಕಥೆ ಮುಗಿದಿದ್ದರೆ ಅದನ್ನು ಕ್ಷಮೆಯ ಕಥೆ ಎನ್ನಬಹುದಿತ್ತು. ಆದರೆ ಅವನು ಇಳಿಸಿದ್ದು ಕತ್ತಿಯನ್ನು ಮಾತ್ರ. ಮರುದಿನ ರಾಣಿಯನ್ನು ನೈದಿಲೆಯಿಂದ ಹೊಡೆದು ಹಂಗಿಸುತ್ತಾನೆ. ತಾಯಿಗೆ ಸುಳ್ಳು ಕನಸು ಹೇಳುತ್ತಾನೆ. ಅವಳ ಒತ್ತಾಯಕ್ಕೆ ಹಿಟ್ಟಿನ ಹುಂಜವನ್ನು ಬಲಿ ಕೊಡುತ್ತಾನೆ. ಹಿಟ್ಟಿನದಾದರೂ ಹುಂಜ ಕೂಗಿಕೊಳ್ಳುತ್ತದೆ. ಆಮೇಲೆ ರಾಣಿಯ ಕೈಯ ವಿಷ, ತಾಯಿ ಮಗನಿಬ್ಬರ ಸಾವು, ಪಶುಪಕ್ಷಿಗಳಾಗಿ ಜನ್ಮಜನ್ಮಾಂತರದ ಸಂಕಟ. ಸಂಕಲ್ಪದಿಂದ ಮಾಡಿದ ಹಿಂಸೆಯೂ ಹಿಂಸೆಯೇ ಎಂಬ ಜೈನತತ್ತ್ವಕ್ಕೂ, ಮನಸ್ಸಿನೊಳಗಿನ ಕೋಪವೇ ಕೊಲೆಯ ಮೂಲವೆಂದು ಬೆಟ್ಟದ ಮೇಲೆ ಬೋಧಿಸಿದವನ ಮಾತಿಗೂ ಎಷ್ಟು ಸಮೀಪ! ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ವೆಂದು ಇದೇ ವಸ್ತುವನ್ನು ನಾಟಕವಾಗಿಸಿದ್ದು ಅದರ ಜೀವಂತಿಕೆಗೆ ಸಾಕ್ಷಿ. ಕೊಲ್ಲದೆ ಬಿಟ್ಟುಬಿಡುವುದು ಬೇರೆ, ಕ್ಷಮಿಸುವುದು ಬೇರೆ ಎಂಬುದನ್ನು ಜನ್ನನಷ್ಟು ಚೆನ್ನಾಗಿ ಹೇಳಿದವರು ಕಡಿಮೆ.

ಇನ್ನು ನಮ್ಮೆಲ್ಲರ ಮನೆಯ ‘ಗೋವಿನ ಹಾಡು’. ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಮುಂದೆ ಬಂದು ನಿಂತ ಪುಣ್ಯಕೋಟಿಯ ಕಥೆ ಕೇಳಿ ಕಣ್ಣೊದ್ದೆ ಮಾಡಿಕೊಳ್ಳದ ಕನ್ನಡದ ಮಗು ಇರಲಾರದು. ಮರಾಠಿ, ಇಂಗ್ಲಿಷು ಶಾಲೆಗಳಿಗೆ ಹೋಗುವ ನಮ್ಮ ಮಕ್ಕಳಿಗೂ ಇದೊಂದು ಹಾಡನ್ನು ಅಜ್ಜಿಯಂದಿರು ಹೇಗೋ ದಾಟಿಸಿದ್ದಾರೆ. ಅದು ಮುಖ್ಯವಾಗಿ ಸತ್ಯದ ಹಾಡು. ಆದರೆ ತನ್ನನ್ನು ತಿನ್ನಲಿರುವವನ ಮೇಲೆ ಹಗೆಯಿಲ್ಲದ ಮನಸ್ಸಿನ ಹಾಡೂ ಹೌದು. ಹಾಡಿನ ಕೊನೆಯಲ್ಲಿ ಹುಲಿ ಕರಗುತ್ತದೆ. ಕರಗಿ, ನಾಚಿ, ಪ್ರಾಣವನ್ನೇ ಬಿಡುತ್ತದೆ. ಕೇಳಿದ ನಮಗೆ ಸಮಾಧಾನ. ಒಳ್ಳೆಯತನಕ್ಕೆ ಫಲ ಸಿಕ್ಕಿತು, ಹಗೆ ತಾನಾಗಿ ತೊಲಗಿತು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಹುಲಿ ಕರಗದೆ ಇದ್ದಿದ್ದರೆ? ಆಕಳನ್ನು ತಿಂದು, ಬಾಯಿ ಒರೆಸಿಕೊಂಡು, ಗವಿಗೆ ಹೋಗಿ ನಿದ್ದೆ ಮಾಡಿದ್ದರೆ? ನಮ್ಮ ನೀತಿಕಥೆಗಳು ಈ ಪ್ರಶ್ನೆಯ ಹತ್ತಿರ ಬರಲು ಅಂಜುತ್ತವೆ. ‘ಗೊಲ್ಗೊಥಾ’ದ ವಸ್ತು ಅದೇ ಪ್ರಶ್ನೆಯ ಮೇಲೆ ನಿಂತಿದೆ. ಗೊಲ್ಗೊಥಾ ಎಂದರೆ ಆ ನಾಡಿನ ಭಾಷೆಯಲ್ಲಿ ಕಪಾಲಸ್ಥಳ, ತಲೆಬುರುಡೆಯ ಜಾಗ. ಲೂಕನ ಸುವಾರ್ತೆಯ ಪ್ರಕಾರ, ತನ್ನನ್ನು ಶಿಲುಬೆಗೆ ಜಡಿದವರ ಪರವಾಗಿ ಯೇಸು ಅಲ್ಲಿ ತಂದೆಯನ್ನು ಬೇಡಿಕೊಂಡ. ತಾವು ಮಾಡುತ್ತಿರುವುದೇನೆಂಬ ಅರಿವು ಅವರಿಗಿಲ್ಲವೆಂದ. ಅದನ್ನು ಕೇಳಿ ಸೈನಿಕರು ಸುತ್ತಿಗೆ ಕೆಳಗಿಟ್ಟರೆ? ಇಲ್ಲ. ಅವನ ಬಟ್ಟೆಗಾಗಿ ಚೀಟಿ ಹಾಕಿದರು. ನಿಂತು ನೋಡುತ್ತಿದ್ದ ಅಧಿಕಾರಿಗಳು ಗೇಲಿ ಮಾಡಿದರು. ಶತಾಧಿಪತಿಯೊಬ್ಬನ ಮನಸ್ಸು ಕದಲಿತೆಂದು ಸುವಾರ್ತೆ ಹೇಳುವುದು ನಿಜ. ಅದು ಆಗಿದ್ದು ಪ್ರಾಣ ಹೋದ ಮೇಲೆ. ಕ್ಷಮೆ ಅದಕ್ಕೂ ಎಷ್ಟೋ ಹೊತ್ತು ಮೊದಲೇ ಬಂದಿತ್ತು. ಎದುರಾಳಿಯ ಪಶ್ಚಾತ್ತಾಪವನ್ನು ಕಾಯದ ಕ್ಷಮೆ ಇದು. ಕ್ರೈಸ್ತಬೋಧೆಯ ವಿಶೇಷವೂ ಅದರ ಕಷ್ಟವೂ ಈ ಒಂದು ಬಿಂದುವಿನಲ್ಲಿ ಕೂಡಿವೆ.

ಬೇರೆ ಕವಿಗಳಾಗಿದ್ದರೆ ಯೇಸುವಿನ ಬೋಧೆಯ ಮಧುರವಾದ ಭಾಗವನ್ನೋ, ಪವಾಡಗಳನ್ನೋ ಆರಿಸಿಕೊಳ್ಳುತ್ತಿದ್ದರೇನೋ. ಗೋವಿಂದ ಪೈಗಳು ಆ ಕೊನೆಯ ದಿನವನ್ನೇ ಆರಿಸಿಕೊಂಡರು. ರನ್ನನೂ ಒಂದು ಮಹಾಕಥೆಯ ಕೊನೆಯ ದಿನವನ್ನು ಆರಿಸಿದ್ದನೆಂಬುದನ್ನು ಇಲ್ಲಿ ನೆನೆಯಬೇಕು. ಅಲ್ಲಿಯೂ ನೆತ್ತರು, ಇಲ್ಲಿಯೂ ನೆತ್ತರು. ಅಲ್ಲಿಯೂ ನೆರೆದ ಜನ, ಇಲ್ಲಿಯೂ ನೆರೆದ ಜನ. ಅಲ್ಲಿ ದಿನ ಮುಗಿಯುವುದು ಪೂರೈಸಿದ ಪ್ರತಿಜ್ಞೆಯಿಂದ. ಇಲ್ಲಿ ಮುಗಿಯುವುದು ಕೈಬಿಟ್ಟ ಸೇಡಿನಿಂದ. 1911ರಲ್ಲೇ ದ್ವಿತೀಯಾಕ್ಷರ ಪ್ರಾಸದ ಕಟ್ಟನ್ನು ಬಿಚ್ಚಿದ್ದ ಕವಿಗೆ ಈ ವಸ್ತುವಿಗೆ ತಕ್ಕ ನಡೆ ಕೈಯಲ್ಲಿ ಸಿದ್ಧವಾಗಿತ್ತು. ಸಾಲಿನಿಂದ ಸಾಲಿಗೆ ನಿಲ್ಲದೆ ಹರಿಯುವ ಸರಳರಗಳೆ, ಹಳಗನ್ನಡದ ಬಿಗಿ, ಸಂಸ್ಕೃತದ ಗುರುತ್ವ. ವೀರರಸಕ್ಕೆ ಮೀಸಲಾಗಿದ್ದ ಉಡುಗೆಯನ್ನು ಅವರು ಆಯುಧವಿಲ್ಲದವನಿಗೆ ತೊಡಿಸಿದರು. ಕ್ಷಮಿಸುವವನು ಭೀಮನಿಗಿಂತ ಕಡಿಮೆ ವೀರನಲ್ಲವೆಂಬುದನ್ನು ವಾದದಿಂದ ಹೇಳದೆ ಛಂದಸ್ಸಿನಿಂದಲೇ ಹೇಳಿದರು.

‘ವೈಶಾಖಿ’ಯನ್ನು ಇದರ ಜೊತೆಗೇ ಓದಬೇಕು. ಬುದ್ಧನ ಕೊನೆಯ ದಿನದ ಕಥೆಯಲ್ಲಿ ಕಮ್ಮಾರ ಚುಂದ ಬಡಿಸಿದ ಊಟವೇ ಗುರುವಿನ ಕೊನೆಯ ಊಟ. ಅದರಿಂದ ನೋವುಂಡ ಬುದ್ಧ, ಈ ಕಾರಣಕ್ಕೆ ಚುಂದನನ್ನು ಯಾರೂ ದೂರಬಾರದು, ಅವನೂ ತನ್ನನ್ನು ಹಳಿದುಕೊಳ್ಳಬಾರದೆಂದು ಆನಂದನಿಗೆ ಹೇಳಿದನೆಂದು ಬೌದ್ಧಗ್ರಂಥ ತಿಳಿಸುತ್ತದೆ. ಚುಂದ ಅರಿಯದೆ ನೋವು ಕೊಟ್ಟವನು. ರೋಮಿನ ಸೈನಿಕರು ಅಪ್ಪಣೆಯಂತೆ ಕೊಂದವರು. ಇಬ್ಬರ ಮೇಲೂ ಸಾಯುತ್ತಿರುವವನ ಕಣ್ಣು ಕನಿಕರದಿಂದ ಬಿದ್ದಿತು. ಮಂಜೇಶ್ವರದ ಕವಿಗೆ ಈ ಎರಡು ದಿನಗಳೇ ಕಾವ್ಯಯೋಗ್ಯವಾಗಿ ಕಂಡದ್ದು ಕಾಕತಾಳೀಯವಿರಲಾರದು. ಹಾಗೆಂದು ಈ ಗುಣ ಪರದೇಶದಿಂದ ಬಂದದ್ದೆಂದು ಯಾರೂ ಭಾವಿಸಬಾರದು. ಮಲಗಿದ್ದ ಐವರು ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಕಟ್ಟಿ ತಂದಾಗ, ನಾನು ಅಳುವಂತೆ ಅವನ ತಾಯಿಯೂ ಅಳುವುದು ಬೇಡವೆಂದು ಬಿಡಿಸಿದವಳು ಭಾಗವತದ ದ್ರೌಪದಿ. ಮುಡಿ ಬಿಚ್ಚಿದ ದ್ರೌಪದಿಯನ್ನು ನಾವು ನೂರು ಸಲ ರಂಗದ ಮೇಲೆ ಕಂಡಿದ್ದೇವೆ. ಈ ದ್ರೌಪದಿಯನ್ನು ಕಂಡದ್ದು ಎಷ್ಟು ಸಲ?

ಕಾವ್ಯದ ಮೇಲೆ ನಮ್ಮ ಆಕ್ಷೇಪವನ್ನೂ ಹೇಳಬೇಕು. ಭಾಷೆ ಕಷ್ಟ. ಅರ್ಥಕೋಶವಿಲ್ಲದೆ ಪುಟ ತಿರುವುವುದು ಇಂದಿನ ಓದುಗರಿಗೆ ಅಸಾಧ್ಯವೆಂದರೆ ಅತಿಶಯೋಕ್ತಿಯಲ್ಲ. ಬೆಸ್ತರ, ಕೂಲಿಯಾಳುಗಳ ನಡುವೆ ತಿಳಿಮಾತಿನಲ್ಲಿ ಕಥೆ ಹೇಳಿ ನಡೆದವನ ಕೊನೆಯ ದಿನ ಪಂಡಿತರ ಕನ್ನಡದಲ್ಲಿ ಬಂದದ್ದು ಒಂದು ವಿಪರ್ಯಾಸ. ಕನ್ನಡದಲ್ಲಿ ಈ ಕಥೆಗೆ ಬೇರೆ ದಾರಿಗಳೂ ಇದ್ದವು. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್, 1894ರ ನಿಘಂಟಿಗಿಂತ ಎಷ್ಟೋ ಮೊದಲು, 1862ರಲ್ಲೇ ‘ಕಥಾಮಾಲೆ’ಯೆಂದು ಯೇಸುವಿನ ಚರಿತ್ರೆಯನ್ನು ನಮ್ಮ ದೇಶೀಯ ಧಾಟಿಗಳಲ್ಲಿ ಹಾಡುವಂತೆ ಕಟ್ಟಿದ್ದರು. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಸಿದ ಉತ್ತಂಗಿ ಚನ್ನಪ್ಪನವರು ಸ್ವತಃ ಕ್ರೈಸ್ತ ಉಪದೇಶಕರು. 1949ರ ಕಲಬುರ್ಗಿ ಸಮ್ಮೇಳನದ ಅಧ್ಯಕ್ಷರು. ಅವರ ಗದ್ಯ ಜನರ ಹತ್ತಿರ ನಿಲ್ಲುತ್ತದೆ. ಗೋವಿಂದ ಪೈಗಳು ಗಾಂಭೀರ್ಯವನ್ನು ಗಳಿಸಿದರು, ಅದಕ್ಕಾಗಿ ಓದುಗರನ್ನು ಕಳೆದುಕೊಂಡರು. ಇದು ಸಣ್ಣ ನಷ್ಟವಲ್ಲ.

ವಸ್ತುವಿನ ಮೇಲೂ ಒಂದು ಆಕ್ಷೇಪ ಬರುವುದುಂಟು. ಅದು ಇದಕ್ಕಿಂತ ತೂಕದ್ದು. ಕ್ಷಮೆಯನ್ನು ಬೋಧಿಸಿದರೆ ಅನ್ಯಾಯ ಮಾಡಿದವನಿಗೆ ಅನುಕೂಲವಾಗುವುದಿಲ್ಲವೆ? ಮನೆಯಲ್ಲಿ ಪೆಟ್ಟು ತಿನ್ನುವ ಹೆಣ್ಣಿಗೆ, ಊರಿನಲ್ಲಿ ತುಳಿತಕ್ಕೊಳಗಾದವನಿಗೆ ಮಾತ್ರ ಕ್ಷಮಿಸೆಂದು ಹೇಳುತ್ತ ಬಂದ ಸಮಾಜ ನಮ್ಮದಲ್ಲವೆ? ಈ ಪ್ರಶ್ನೆ ನ್ಯಾಯವಾದದ್ದು. ಗೋವಿಂದ ಪೈಗಳೇ ‘ಹೆಬ್ಬೆರಳು’ ಎಂಬ ನಾಟಕದಲ್ಲಿ ಏಕಲವ್ಯನ ಕಥೆಯನ್ನು ಎತ್ತಿಕೊಂಡಿದ್ದಾರೆ. ಗುರುವೆನಿಸಿಕೊಂಡವನೇ ಬೆರಳನ್ನು ಕೇಳಿ ಪಡೆದದ್ದನ್ನು ಶಿಷ್ಯನ ಔದಾರ್ಯವೆಂದು ಹೊಗಳಿ ನಾವು ದ್ರೋಣನನ್ನು ಮರೆಯುತ್ತೇವೆ. ನೋಯಿಸಿದವನು ಕ್ಷಮೆಯನ್ನು ತನ್ನ ಹಕ್ಕೆಂದು ವಸೂಲು ಮಾಡಲಾರ. ಪಕ್ಕದಲ್ಲಿ ನಿಂತವನೂ ನೊಂದವನ ಪರವಾಗಿ ಅದನ್ನು ದಾನ ಮಾಡಲಾರ. ಶಿಲುಬೆಯ ಮೇಲಿದ್ದವನೇ ಅದನ್ನು ಆಡಿದ್ದರಿಂದ ಆ ಮಾತಿಗೆ ಬೆಲೆ. ಪಿಲಾತನು ಅದನ್ನು ಆಡಿದ್ದರೆ ಅದು ಬರಿಯ ಕೈತೊಳೆಯುವಿಕೆ.

ಕ್ಷಮೆಯಿಂದ ಕಾನೂನು ಸಡಿಲವಾಗಬೇಕಾಗಿಲ್ಲವೆಂಬುದಕ್ಕೆ ನಮ್ಮ ದೇಶದಲ್ಲೇ ಒಂದು ನಿದರ್ಶನವಿದೆ. ಒಡಿಶಾದ ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಆಸ್ಟ್ರೇಲಿಯದ ಗ್ರಹಾಂ ಸ್ಟೇನ್ಸ್ ಅವರನ್ನು, 10 ಮತ್ತು 6 ವರ್ಷದ ಇಬ್ಬರು ಗಂಡುಮಕ್ಕಳ ಸಹಿತ, 1999ರ ಜನವರಿ 22ರ ರಾತ್ರಿ ಕಳೆದು ಬೆಳಗಾಗುವ ಮೊದಲು ಮನೋಹರಪುರದಲ್ಲಿ ಜೀಪಿನೊಳಗೆ ಸುಟ್ಟು ಕೊಂದರು. ಪತ್ನಿ ಗ್ಲ್ಯಾಡಿಸ್ ಸ್ಟೇನ್ಸ್ ಕೊಂದವರನ್ನು ಕ್ಷಮಿಸಿದ್ದೇನೆಂದರು. ಅದೇ ಉಸಿರಿನಲ್ಲಿ, ಕ್ಷಮೆಯೇ ಬೇರೆ, ಅಪರಾಧದ ಫಲವೇ ಬೇರೆ, ಎರಡನ್ನೂ ಬೆರೆಸಬಾರದೆಂದೂ ತಿಳಿಸಿದರು. ನ್ಯಾಯಾಲಯ ತನ್ನ ಕೆಲಸ ಮಾಡಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆಕೆ ಮಾತ್ರ ಮಗಳೊಂದಿಗೆ ಮತ್ತೂ ಕೆಲವು ವರ್ಷ ಅಲ್ಲೇ ಉಳಿದು ಗಂಡನ ಕೆಲಸವನ್ನು ಮುಂದುವರಿಸಿದರು. 2005ರಲ್ಲಿ ಭಾರತ ಸರಕಾರ ಪದ್ಮಶ್ರೀ ಕೊಟ್ಟು ಗೌರವಿಸಿತು. ಶಿಕ್ಷೆಯನ್ನು ರಾಜ್ಯಕ್ಕೆ ಬಿಟ್ಟು ದ್ವೇಷವನ್ನು ತಾನು ಬಿಟ್ಟುಕೊಡುವುದು, ಇದೇ ಆ ಬೋಧೆಯ ವ್ಯಾವಹಾರಿಕ ರೂಪ.

ಇಷ್ಟು ದೊಡ್ಡ ಮಾತು ನಮ್ಮಂಥ ಸಾಮಾನ್ಯ ಸಂಸಾರಿಗಳಿಗೇಕೆ ಎಂದು ಕೇಳಬಹುದು. ನಮ್ಮ ಹಗೆಗಳು ಕುರುಕ್ಷೇತ್ರದವಲ್ಲ, ನಿಜ. ಊರಿನ ಮನೆಯ ಪಾಲು, ಅಡಕೆ ತೋಟದ ಗಡಿ, ತಂದೆಯ ಕೊನೆಗಾಲದಲ್ಲಿ ಯಾರು ನೋಡಿಕೊಂಡರು ಎಂಬ ಲೆಕ್ಕ, ಮದುವೆಯ ಕಾಗದ ಅಂಚೆಯಲ್ಲಿ ಬಂತೇ ವಿನಾ ಮನೆಗೆ ಬಂದು ಕರೆಯಲಿಲ್ಲವೆಂಬ ಸಿಟ್ಟು. ಅಂಧೇರಿಯಲ್ಲಿ ಒಂದೇ ಲೋಕಲ್ ಗಾಡಿ ಹತ್ತುವ ಅಣ್ಣತಮ್ಮಂದಿರು ಬೇರೆ ಬೇರೆ ಡಬ್ಬಿಯಲ್ಲಿ ನಿಲ್ಲುವುದುಂಟು. ಊರು ಬಿಟ್ಟು ಬಂದವರಿಗೆ ಇದು ಇನ್ನೂ ಕಷ್ಟ. ಊರಿನಲ್ಲಿದ್ದರೆ ಭೂತದ ಕೋಲದಲ್ಲೋ ದೇವಸ್ಥಾನದ ಜಾತ್ರೆಯಲ್ಲೋ ಎದುರಾಗಲೇಬೇಕು. ಹಿರಿಯರು ನಡುವೆ ನಿಂತು ಮಾತು ಕೂಡಿಸುತ್ತಾರೆ. ಇಲ್ಲಿ ನಗರದ ಜನಜಂಗುಳಿ ಹಗೆಗೆ ಒಳ್ಳೆಯ ಮರೆ ಒದಗಿಸುತ್ತದೆ. ಮೂವತ್ತು ವರ್ಷ ಮಾತಿಲ್ಲದೆ ಕಳೆಯಬಹುದು, ಯಾರೂ ಕೇಳುವುದಿಲ್ಲ. ನಾವೆಲ್ಲ ಪುಣ್ಯಕೋಟಿಯ ಹಾಡಿನ ಮಕ್ಕಳಾದ್ದರಿಂದ ಹುಲಿ ಮೊದಲು ಕರಗಲಿ ಎಂದು ಕಾಯುತ್ತೇವೆ. ಅಲ್ಲಿ ಆ ಮನೆಯಲ್ಲಿ ಕುಳಿತವರೂ ಅದೇ ಹಾಡನ್ನು ಕಲಿತವರು. ಅವರ ಪಾಲಿಗೆ ಹುಲಿ ನಾವು. ಹೀಗೆ ಎರಡು ಕಡೆಯಲ್ಲೂ ಕಾಯುವುದರಲ್ಲೇ ಒಂದು ತಲೆಮಾರು ತೀರಿಹೋಗುತ್ತದೆ, ಮುಂದಿನ ತಲೆಮಾರಿಗೆ ಕಾರಣ ತಿಳಿಯದ ಹಗೆ ಆಸ್ತಿಯಾಗಿ ಉಳಿಯುತ್ತದೆ.

ನಮ್ಮ ಅಂಧೇರಿಯ ಪೂರ್ವಭಾಗದಲ್ಲಿ ಕೊಂಡಿವಿಟೆಯ ಗುಡ್ಡದ ಬೌದ್ಧ ಗುಹೆಗಳಿವೆ. ಮಹಾಕಾಳಿ ಗುಹೆಗಳೆಂದು ಎಲ್ಲರೂ ಬಲ್ಲರು. ಅಲ್ಲಿಂದ ಬಹಳ ದೂರವಲ್ಲದ ಸೀಪ್ಜ್ ಆವರಣದೊಳಗೆ, 1579ರಲ್ಲಿ ಜೆಸುಯಿಟರು ಕಟ್ಟಿಸಿ, ಸಾಂಕ್ರಾಮಿಕ ರೋಗದ ದೆಸೆಯಿಂದ 1840ರಲ್ಲಿ ಜನ ಬಿಟ್ಟುಹೋದ ಸಂತ ಯೋಹಾನನ ಇಗರ್ಜಿಯ ಗೋಡೆಗಳು ನಿಂತಿವೆ. ‘ವೈಶಾಖಿ’ ಮತ್ತು ‘ಗೊಲ್ಗೊಥಾ’ಗಳ ಗುರುತುಗಳು ನಮ್ಮ ನೆರೆಯಲ್ಲೇ ಇದ್ದಂತಾಯಿತು. ಕಾವ್ಯಗಳು ಮಾತ್ರ ಇನ್ನೂ ನೆರೆಗೆ ಬಂದಿಲ್ಲ.

ಆದ್ದರಿಂದ ನಮ್ಮದೊಂದು ಸೂಚನೆ. ಬರುವ ತಿಂಗಳುಗಳಲ್ಲಿ ಯಾವುದಾದರೊಂದು ಭಾನುವಾರ, ಬಲ್ಲವರೊಬ್ಬರನ್ನು ಕೂಡಿಸಿಕೊಂಡು, ಮೊದಲು ‘ಗದಾಯುದ್ಧ’ದ ಒಂದು ಭಾಗವನ್ನು, ಆಮೇಲೆ ‘ಗೊಲ್ಗೊಥಾ’ದ ಒಂದು ಭಾಗವನ್ನು ಅರ್ಥ ಹೇಳುತ್ತ ಗಮಕದ ರೀತಿಯಲ್ಲಿ ಓದಿಸಬೇಕು. ಕಣ್ಣಿಗೆ ಕಷ್ಟವಾದ ಕನ್ನಡ ಕಿವಿಗೆ ಅಷ್ಟು ಕಷ್ಟವಲ್ಲವೆಂಬುದು ಯಕ್ಷಗಾನ ಕೇಳಿ ಬೆಳೆದವರಿಗೆ ತಿಳಿದೇ ಇದೆ. ಮಕ್ಕಳೂ ಬರಲಿ. ಮಾತು ಬಿಟ್ಟ ನೆಂಟರನ್ನೂ ಒಮ್ಮೆ ಕರೆದು ನೋಡಬಹುದು; ಬಂದರೆ ಪಕ್ಕದಲ್ಲಿ ಜಾಗ ಮಾಡಿಕೊಡೋಣ, ಬಾರದಿದ್ದರೆ ಮುಂದಿನ ಸಲವೂ ಕರೆಯೋಣ.